ಸತ್ತವರ ಸಹಿಗೆ ಸಾಕ್ಷಿ ಯಾರು?

1945ರಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷ್ಮಮ್ಮ ಎಂಬ ಹಿರಿಯ ಹೆಂಗಸಿನ ಹೆಸರಿನಲ್ಲಿ ಒಂದು ಉಯಿಲು ತಯಾರಾಯಿತು. ಅವರು ತೀರಿಕೊಂಡ ಮೇಲೆ ಅದನ್ನು ಜಾರಿಗೆ ತರಬೇಕಿದ್ದ ವ್ಯಕ್ತಿಯೇ ಅದನ್ನು ಬರೆಸುವುದರಲ್ಲೂ ಮುಂದಾಗಿ ನಿಂತಿದ್ದರು. ಉಯಿಲಿನ ಲಾಭವೂ ಅವರ ಕಡೆಗೇ ಹರಿಯುತ್ತಿತ್ತು. ಕೆಳ ನ್ಯಾಯಾಲಯ ಉಯಿಲನ್ನು ಒಪ್ಪಿತು, ಮೈಸೂರು ಹೈಕೋರ್ಟ್ ಒಪ್ಪಲಿಲ್ಲ, ವ್ಯಾಜ್ಯ ದೆಹಲಿಗೆ ಹೋಯಿತು. 1958ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ ಎಂಬ ಈ ಪ್ರಕರಣದ ಹೆಸರು ಇವತ್ತಿಗೂ ದೇಶದ ಮೂಲೆಮೂಲೆಯ ನ್ಯಾಯಾಲಯಗಳಲ್ಲಿ, ಉಯಿಲಿನ ಜಗಳ ಬಂದಾಗಲೆಲ್ಲ ಕೇಳಿಬರುತ್ತದೆ.

ಆ ತೀರ್ಪಿನ ತಿರುಳು ಸರಳ. ಬೇರೆ ದಸ್ತಾವೇಜುಗಳ ವಿಷಯದಲ್ಲಿ ಸಂಶಯ ಬಂದರೆ ಬರೆದುಕೊಟ್ಟವರನ್ನೇ ಕರೆಸಿ ಕೇಳಬಹುದು. ಉಯಿಲು ಚಾಲ್ತಿಗೆ ಬರುವುದೇ ಬರೆದವರು ಕಣ್ಮುಚ್ಚಿದ ಮೇಲೆ. ಇದು ನನ್ನದೇ, ನನ್ನದಲ್ಲ ಎಂದು ಹೇಳಲು ಅವರು ಇರುವುದಿಲ್ಲ. ಆದ್ದರಿಂದ ಉಯಿಲನ್ನು ಮುಂದಿಡುವವರೇ ಅದರ ಸುತ್ತ ಇರುವ ಅನುಮಾನಗಳನ್ನೆಲ್ಲ ಸಾಕ್ಷ್ಯದ ಮೂಲಕ ತೊಡೆದುಹಾಕಬೇಕು. ಬರೆಸಿದವರಿಗೇ ಲಾಭವಿದ್ದರೆ ಆ ಹೊಣೆ ಇನ್ನೂ ಭಾರವಾಗುತ್ತದೆ.

ಪ್ರೊಬೇಟ್ ಎಂಬ ಪ್ರಕ್ರಿಯೆ ಇರುವುದೇ ಇದಕ್ಕಾಗಿ. ಸತ್ತವರ ಕೊನೆಯ ಮಾತು ಇದೇ, ಇದನ್ನು ಜಾರಿಗೆ ತರುವ ಅಧಿಕಾರ ಇವರಿಗಿದೆ ಎಂದು ನ್ಯಾಯಾಲಯ ತನ್ನ ಮೊಹರು ಒತ್ತಿ, ಉಯಿಲಿನ ಪ್ರತಿಯನ್ನು ಜೊತೆಗಿಟ್ಟು ಕೊಡುವ ಪತ್ರವೇ ಪ್ರೊಬೇಟ್. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅದರ ವಿಧಿವಿಧಾನವನ್ನು ಹೇಳುತ್ತದೆ. ಒಮ್ಮೆ ಸಿಕ್ಕಿತೆಂದರೆ ಅದು ಅರ್ಜಿದಾರರನ್ನಷ್ಟೇ ಅಲ್ಲ, ಇಡೀ ಲೋಕವನ್ನು ಕಟ್ಟಿಹಾಕುತ್ತದೆ. ಉಯಿಲು ನಕಲಿ ಎಂದು ಆಮೇಲೆ ಯಾರೋ ಬೇರೆ ಊರಿನ ನ್ಯಾಯಾಲಯದಲ್ಲಿ ಹೊಸದಾಗಿ ತಕರಾರು ಎತ್ತುವಂತಿಲ್ಲ. ಆಕ್ಷೇಪವಿದ್ದವರು ಪ್ರೊಬೇಟ್ ರದ್ದುಪಡಿಸಿ ಎಂದೇ ಕೇಳಬೇಕು, ಅದಕ್ಕೂ ವಂಚನೆ, ವಿಷಯ ಮುಚ್ಚಿಟ್ಟದ್ದು, ನೋಟಿಸು ಕೊಡದಿದ್ದದ್ದು ಇಂಥ ಕಾರಣ ಬೇಕು.

ಪ್ರೊಬೇಟ್ ಹೇಳದ ಮಾತೊಂದಿದೆ, ಜನ ಎಡವುವುದು ಅಲ್ಲಿಯೇ. ಆಸ್ತಿ ನಿಜಕ್ಕೂ ಸತ್ತವರದ್ದಾಗಿತ್ತೇ ಎಂಬುದನ್ನು ಆ ನ್ಯಾಯಾಲಯ ನೋಡುವುದಿಲ್ಲ. ತಂದೆ ತನ್ನ ಹೆಸರಿನ ಮನೆಯನ್ನೂ, ಅಜ್ಜನ ಕಾಲದ ಪಿತ್ರಾರ್ಜಿತ ತೋಟವನ್ನೂ ಒಟ್ಟಿಗೆ ಒಬ್ಬ ಮಗನಿಗೆ ಬರೆದಿಟ್ಟರೆ ಉಯಿಲು ಅಸಲಿಯೇ ಇರಬಹುದು, ಪ್ರೊಬೇಟೂ ಸಿಗಬಹುದು. ಆದರೆ ತೋಟದಲ್ಲಿ ಅವರದ್ದಿದ್ದದ್ದು ಒಂದು ಪಾಲು ಮಾತ್ರ, ಕೊಡಲು ಸಾಧ್ಯವಿದ್ದದ್ದೂ ಅಷ್ಟೇ. ಉಳಿದದ್ದಕ್ಕೆ ಬೇರೆ ದಾವೆಯೇ ಆಗಬೇಕು.

ಹಾಗಾದರೆ ಪ್ರೊಬೇಟ್ ಎಲ್ಲರಿಗೂ ಬೇಕೇ? ಕರ್ನಾಟಕದ ಮಟ್ಟಿಗೆ ಬೇಡ, ಹಿಂದೂಗಳಿಗೆ ಇಲ್ಲಿ ಎಂದೂ ಕಡ್ಡಾಯವಾಗಿರಲಿಲ್ಲ. ಬ್ರಿಟಿಷರ ಕಾಲದಿಂದ ಬಂದ ಕಡ್ಡಾಯ ಇದ್ದದ್ದು ಮುಂಬೈ, ಚೆನ್ನೈ, ಕೋಲ್ಕತ್ತದ ಹೈಕೋರ್ಟುಗಳ ಮೂಲ ವ್ಯಾಪ್ತಿಯಲ್ಲಿ ಮತ್ತು ಹಳೆಯ ಬಂಗಾಳ ಪ್ರಾಂತ್ಯದ ಪ್ರದೇಶದಲ್ಲಿ. ಅಲ್ಲಿ ಬರೆದ ಉಯಿಲಿಗೆ, ಅಥವಾ ಅಲ್ಲಿರುವ ಸ್ಥಿರಾಸ್ತಿಯ ಬಗ್ಗೆ ಎಲ್ಲೇ ಬರೆದ ಉಯಿಲಿಗೆ, ಹಿಂದೂ, ಜೈನ, ಸಿಖ್, ಬೌದ್ಧರು ಪ್ರೊಬೇಟ್ ಪಡೆಯದೆ ನ್ಯಾಯಾಲಯದಲ್ಲಿ ಹಕ್ಕು ಸ್ಥಾಪಿಸುವಂತಿರಲಿಲ್ಲ. ಆ ಮೂರು ನಗರಗಳಲ್ಲಿ ಪಾರ್ಸಿಗಳಿಗೂ ಇದು ಅನ್ವಯಿಸುತ್ತಿತ್ತು. ಮುಸ್ಲಿಮರಿಗೆ ಈ ಕಟ್ಟು ಇರಲಿಲ್ಲ. ಭಾರತೀಯ ಕ್ರೈಸ್ತರಿಗೆ 2002ರಲ್ಲಿ ವಿನಾಯಿತಿ ಸಿಕ್ಕಿತು.

ಮುಂಬೈ ಕನ್ನಡಿಗರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ದಕ್ಷಿಣ ಕನ್ನಡ, ಉಡುಪಿಯಿಂದ ಹೋಗಿ ಹೋಟೆಲು ನಡೆಸಿ, ಮಾಟುಂಗದಲ್ಲೋ ದಾದರಿನಲ್ಲೋ ಒಂದು ಫ್ಲ್ಯಾಟು ಕೊಂಡು, ಮುಪ್ಪಿನಲ್ಲಿ ಊರಿಗೆ ಮರಳಿದವರು ಎಷ್ಟೋ ಮಂದಿ. ಅಂಥವರು ಊರಿನಲ್ಲಿ ಕುಳಿತು ಬರೆದ ಉಯಿಲಿನಲ್ಲಿ ಆ ಫ್ಲ್ಯಾಟಿನ ಮಾತು ಬಂದರೆ ಸಾಕು, ಮಕ್ಕಳು ಬಾಂಬೆ ಹೈಕೋರ್ಟಿನ ಉಯಿಲು ವಿಭಾಗಕ್ಕೆ ಅಲೆಯಬೇಕಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯ್ದೆ ಈ ಕಡ್ಡಾಯದ ಮೂಲವಾಗಿದ್ದ, ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮನ್ನೇ ತೆಗೆದುಹಾಕಿತು. ಅದು ಎಂದೋ ಆಗಬೇಕಿದ್ದ ಕೆಲಸ. ಒಂದೇ ದೇಶದಲ್ಲಿ ಹುಬ್ಬಳ್ಳಿಯ ಮನೆಗೆ ಒಂದು ನ್ಯಾಯ, ದಾದರಿನ ಮನೆಗೆ ಇನ್ನೊಂದು ನ್ಯಾಯ ಇರುವುದಕ್ಕೆ ಚರಿತ್ರೆಯ ಹೊರತು ಬೇರೆ ಸಮರ್ಥನೆ ಇರಲಿಲ್ಲ. ಇನ್ನು ಮುಂದೆ ಯಾವುದಾದರೂ ಹೌಸಿಂಗ್ ಸೊಸೈಟಿ ಹಳೆಯ ರೂಢಿಯಂತೆ ಪ್ರೊಬೇಟ್ ತನ್ನಿ ಎಂದರೆ ಈ ತಿದ್ದುಪಡಿಯನ್ನು ತೋರಿಸಿ ಪ್ರಶ್ನಿಸಿ.

ಕಡ್ಡಾಯವಲ್ಲ ಎಂದ ಮಾತ್ರಕ್ಕೆ ನಿಷ್ಪ್ರಯೋಜಕವಲ್ಲ. ಮಕ್ಕಳಲ್ಲಿ ಒಬ್ಬರು ಆಗಲೇ ಗೊಣಗುತ್ತಿದ್ದರೆ, ಉಯಿಲು ನೋಂದಣಿಯಾಗಿರದಿದ್ದರೆ, ಆಸ್ತಿ ನಾಲ್ಕಾರು ಊರುಗಳಲ್ಲಿ ಚದುರಿದ್ದರೆ, ಹತ್ತಿರದ ವಾರಸುದಾರರನ್ನು ಬಿಟ್ಟು ಸಾಕಿದ ತಮ್ಮನ ಮಗಳಿಗೋ ಮಠಕ್ಕೋ ಆಸ್ತಿ ಹೋಗಿದ್ದರೆ ಮೊದಲೇ ಪ್ರೊಬೇಟ್ ಪಡೆದುಕೊಳ್ಳುವುದು ಜಾಣತನ. ಎಲ್ಲರೂ ಒಮ್ಮತದಿಂದಿದ್ದು, ಒಂದು ಮನೆ ಮತ್ತು ಬ್ಯಾಂಕಿನ ಠೇವಣಿ ಮಾತ್ರ ಇದ್ದರೆ ವಕೀಲರ ಶುಲ್ಕ, ಆಸ್ತಿಮೌಲ್ಯದ ಮೇಲಿನ ನ್ಯಾಯಾಲಯ ಶುಲ್ಕ ಎರಡನ್ನೂ ಉಳಿಸಿಕೊಳ್ಳಿ ಎಂದೇ ನನ್ನ ಸಲಹೆ.

ಪ್ರಕ್ರಿಯೆಯ ನಡೆ ಹೀಗಿದೆ. ಸಾವು ಸಂಭವಿಸಿ ಏಳು ಪೂರ್ಣ ದಿನ ಕಳೆಯದೆ ನ್ಯಾಯಾಲಯ ಪ್ರೊಬೇಟ್ ಕೊಡುವಂತಿಲ್ಲ. ಉಯಿಲೇ ಇಲ್ಲದೆ ಆಸ್ತಿ ಆಡಳಿತದ ಅಧಿಕಾರಪತ್ರ ಕೇಳಿದರೆ ಹದಿನಾಲ್ಕು ದಿನ. ನಮ್ಮ ಮನೆಗಳಲ್ಲಿ ಹೇಗೂ ವೈಕುಂಠ ಸಮಾರಾಧನೆ ಮುಗಿಯುವ ತನಕ ಯಾರೂ ಕಾಗದದ ಮಾತೆತ್ತುವುದಿಲ್ಲ, ಎತ್ತಲೂ ಬಾರದು. ಆ ದಿನಗಳಲ್ಲಿ ಮಾಡಬೇಕಾದದ್ದು ಒಂದೇ: ಸಾವನ್ನು ನೋಂದಾಯಿಸುವುದು. ಇಪ್ಪತ್ತೊಂದು ದಿನಗಳೊಳಗೆ ಮಾಹಿತಿ ಕೊಟ್ಟರೆ ಶುಲ್ಕವಿಲ್ಲ. ಮರಣ ಪ್ರಮಾಣಪತ್ರದ ಹೆಸರು, ಆಧಾರ್‌ನ ಹೆಸರು, ಪಾಸ್‌ಬುಕ್ಕಿನ ಹೆಸರು ಒಂದಕ್ಕೊಂದು ಹೊಂದುತ್ತವೆಯೇ ಎಂದು ಆಗಲೇ ನೋಡಿಕೊಳ್ಳಿ. ‘ಕೆ. ಸುಬ್ಬರಾವ್’ ಮತ್ತು ‘ಸುಬ್ಬರಾಯ ಕೆ.’ ಒಬ್ಬರೇ ಎಂದು ಹತ್ತು ಕಚೇರಿಗಳಲ್ಲಿ ಸಾಧಿಸುವುದಕ್ಕಿಂತ ಒಂದು ಕಡೆ ತಿದ್ದಿಸುವುದು ಸುಲಭ.

ಪ್ರೊಬೇಟ್ ಕೇಳುವ ಹಕ್ಕಿರುವುದು ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕರಿಗೆ ಮಾತ್ರ. ನಿರ್ವಾಹಕರನ್ನೇ ನೇಮಿಸಿರದಿದ್ದರೆ, ಅಥವಾ ಅವರು ತೀರಿಕೊಂಡಿದ್ದರೆ, ಫಲಾನುಭವಿಗಳು ಉಯಿಲು ಲಗತ್ತಿಸಿದ ಆಡಳಿತಪತ್ರಕ್ಕೆ ಅರ್ಜಿ ಹಾಕುತ್ತಾರೆ. ಅದಕ್ಕೆ ಭದ್ರತೆಯ ಮುಚ್ಚಳಿಕೆ ಬರೆದುಕೊಡಬೇಕು. ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯಕ್ಕೆ. ಬೆಂಗಳೂರಿನಲ್ಲಾದರೆ ಸಿಟಿ ಸಿವಿಲ್ ಕೋರ್ಟಿಗೆ. ಅಲ್ಲಿನ ಕಾರಿಡಾರಿನಲ್ಲಿ ವಕೀಲರು ಇಂಥವನ್ನು, ಪ್ರೊಬೇಟ್ ಮತ್ತು ಸಕ್ಸೆಷನ್ ಸರ್ಟಿಫಿಕೇಟ್ ಎಂಬುದನ್ನು ಮೊಟಕಾಗಿಸಿ, ‘ಪಿ ಅಂಡ್ ಎಸ್‌ಸಿ ಕೇಸು’ ಎನ್ನುತ್ತಾರೆ. ಸಾವಿನ ದಿನ, ಇದೇ ಕೊನೆಯ ಉಯಿಲು ಎಂಬ ಹೇಳಿಕೆ, ಅದು ವಿಧಿವತ್ತಾಗಿ ಸಹಿಯಾಗಿದೆ ಎಂಬ ಹೇಳಿಕೆ, ಆಸ್ತಿಯ ಅಂದಾಜು ಮೌಲ್ಯ, ಹತ್ತಿರದ ಬಂಧುಗಳ ವಿವರ ಇವೆಲ್ಲ ಅರ್ಜಿಯಲ್ಲಿರಬೇಕು. ಮೂಲ ಉಯಿಲನ್ನೇ ಸಲ್ಲಿಸಬೇಕು. ಬಂಧುಗಳಿಗೆ ನೋಟಿಸು ಹೋಗುತ್ತದೆ, ಸಾಮಾನ್ಯವಾಗಿ ಪತ್ರಿಕೆಯಲ್ಲಿ ಪ್ರಕಟಣೆಯೂ ಬರುತ್ತದೆ. ಆಕ್ಷೇಪವಿದ್ದವರು ಕೇವಿಯಟ್, ಅಂದರೆ ತಮ್ಮ ಮಾತು ಕೇಳದೆ ಪ್ರೊಬೇಟ್ ಕೊಡಬಾರದೆಂಬ ಮನವಿ, ಹಾಕಬಹುದು.

ಯಾರೂ ತಕರಾರು ಮಾಡದಿದ್ದರೂ ಉಯಿಲನ್ನು ರುಜುವಾತು ಮಾಡಲೇಬೇಕು. ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕೆಂಬುದು ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು. ಅವರಲ್ಲಿ ಒಬ್ಬರನ್ನಾದರೂ ಕರೆಸಿ ವಿಚಾರಿಸಬೇಕೆಂಬುದು ಹಳೆಯ ಸಾಕ್ಷ್ಯ ಕಾಯ್ದೆಯ 68ನೇ ಕಲಮು, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೆಯದು. ಬರೆದವರು ಸಹಿ ಮಾಡಿದ್ದನ್ನು ನಾನು ಕಂಡೆ, ಅವರ ಎದುರಿನಲ್ಲೇ ನಾನೂ ಸಹಿ ಹಾಕಿದೆ ಎಂದು ಆ ಸಾಕ್ಷಿ ಹೇಳಬೇಕು. ಎಷ್ಟೋ ಉಯಿಲುಗಳು ಇಲ್ಲಿ ಮುಗ್ಗರಿಸುತ್ತವೆ. ಎಪ್ಪತ್ತೈದರ ಯಜಮಾನರು ತಮ್ಮ ಓರಗೆಯ ಸ್ನೇಹಿತರನ್ನೇ ಸಾಕ್ಷಿಗೆ ಕರೆದಿರುತ್ತಾರೆ. ಯಜಮಾನರು ತೊಂಬತ್ತಕ್ಕೆ ಹೋಗುವ ಹೊತ್ತಿಗೆ ಸ್ನೇಹಿತರೂ ಇರುವುದಿಲ್ಲ. ಇಬ್ಬರೂ ಸಾಕ್ಷಿಗಳು ತೀರಿಕೊಂಡಿದ್ದರೆ ಅವರ ಕೈಬರಹ ಬಲ್ಲವರನ್ನು ಹುಡುಕಿ ತರಬೇಕು. ದಾರಿ ಇದೆ, ಆದರೆ ಕಡಿದಾದ ದಾರಿ.

ನೋಂದಣಿಯಾದ ಉಯಿಲಿಗೆ ಇದಾವುದೂ ಬೇಡ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ನೋಂದಣಿ ಕಾಯ್ದೆಯ ಪ್ರಕಾರ ಉಯಿಲಿನ ನೋಂದಣಿ ಐಚ್ಛಿಕ. ಮಾಡಿಸಿದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲೆ ಉಳಿಯುತ್ತದೆ, ಬದಲಾಯಿಸಿದರು ಎಂಬ ಆರೋಪ ಕಡಿಮೆಯಾಗುತ್ತದೆ. ಆದರೆ ಸಾಕ್ಷಿಯನ್ನು ವಿಚಾರಿಸುವ ಅಗತ್ಯ ತಪ್ಪುವುದಿಲ್ಲ. ಆಮೇಲೆ ಬಿಳಿಹಾಳೆಯಲ್ಲಿ ಬರೆದ, ನೋಂದಣಿಯಾಗದ ಉಯಿಲೊಂದು ರುಜುವಾತಾದರೆ ನೋಂದಣಿಯಾದ ಹಳೆಯದು ಬಿದ್ದುಹೋಗುತ್ತದೆ.

ತಕರಾರಿಲ್ಲದ ಅರ್ಜಿ ಆರು ತಿಂಗಳಿಂದ ಒಂದು ವರ್ಷದ ಆಸುಪಾಸಿನಲ್ಲಿ ಇತ್ಯರ್ಥವಾಗಬಹುದು. ತಕರಾರು ಬಂದರೆ ಅರ್ಜಿಯೇ ಸಾಮಾನ್ಯ ದಾವೆಯ ರೂಪ ತಾಳುತ್ತದೆ, ವರ್ಷಗಳ ಲೆಕ್ಕ ಹೇಳಲಾಗುವುದಿಲ್ಲ. ಬಿರ್ಲಾ ಉದ್ಯಮಿ ಕುಟುಂಬದ ಪ್ರಿಯಂವದಾ ಬಿರ್ಲಾ 2004ರಲ್ಲಿ ತೀರಿಕೊಂಡ ಮೇಲೆ ಅವರ ಉಯಿಲಿನ ಸುತ್ತ ಕೋಲ್ಕತ್ತದಲ್ಲಿ ಎದ್ದ ವ್ಯಾಜ್ಯ ಎರಡು ದಶಕ ದಾಟಿತು. ಉಯಿಲನ್ನು ಮುಂದಿಟ್ಟ ಆರ್.ಎಸ್. ಲೋಧಾ ನಡುವೆಯೇ ತೀರಿಕೊಂಡರು. ತಡಮಾಡುವುದೂ ಅಪಾಯವೇ. ಕಾಲಮಿತಿ ಕಾಯ್ದೆಯ ಮೂರು ವರ್ಷಗಳ ಅವಧಿ ಪ್ರೊಬೇಟ್ ಅರ್ಜಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಎಣಿಕೆ ಶುರುವಾಗುವುದು ಅರ್ಜಿ ಹಾಕುವ ಅಗತ್ಯ ಹುಟ್ಟಿದಾಗ, ಸಾವಿನ ದಿನದಿಂದಲೇ ಅಲ್ಲ. ಆದರೂ ಹತ್ತು ವರ್ಷ ಪೆಟ್ಟಿಗೆಯಲ್ಲಿದ್ದು ಹೊರಬಂದ ಉಯಿಲನ್ನು ಯಾವ ನ್ಯಾಯಾಧೀಶರೂ ಸಲೀಸಾಗಿ ನಂಬುವುದಿಲ್ಲ.

ಉಯಿಲೇ ಇಲ್ಲದ ಮನೆಗಳದ್ದು ಬೇರೆ ಹಾದಿ, ಅಂಥವೇ ಹೆಚ್ಚು. ಅಲ್ಲಿ ಪ್ರೊಬೇಟಿನ ಪ್ರಶ್ನೆಯೇ ಇಲ್ಲ. ಬ್ಯಾಂಕಿನ ಹಣ, ಷೇರು, ಬಾಂಡು, ಬರಬೇಕಾದ ಸಾಲ ಇವುಗಳಿಗೆ ಸಕ್ಸೆಷನ್ ಸರ್ಟಿಫಿಕೇಟ್. ಇದು ಮನೆ, ಜಮೀನಿಗೆ ಸಲ್ಲದು. ಹಣ ಕೊಡಬೇಕಾದವರು ಧೈರ್ಯದಿಂದ ಯಾರ ಕೈಗೆ ಕೊಡಬಹುದು ಎಂಬುದಷ್ಟನ್ನೇ ಹೇಳುವ ಪತ್ರ ಇದು. ಪಡೆದವರು ಅದನ್ನು ಉಳಿದ ವಾರಸುದಾರರೊಂದಿಗೆ ಹಂಚಿಕೊಳ್ಳಬೇಕು. ಸಣ್ಣ ಮೊತ್ತಕ್ಕೆ ಇದೂ ಬೇಡ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ನಾಮಿನಿ ಇಲ್ಲದ ಖಾತೆಯಲ್ಲೂ ಕನಿಷ್ಠ 15 ಲಕ್ಷ ರೂಪಾಯಿವರೆಗೆ (ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ), ವಿವಾದವಿಲ್ಲದಿದ್ದರೆ, ನ್ಯಾಯಾಲಯದ ಪತ್ರವಿಲ್ಲದೆ ಸರಳ ದಾಖಲೆಗಳ ಮೇಲೆ ಹಣ ಕೊಡಬೇಕು. ದಾಖಲೆಗಳೆಲ್ಲ ಸಿಕ್ಕಿದ ಹದಿನೈದು ದಿನಗಳೊಳಗೆ ಇತ್ಯರ್ಥವಾಗಬೇಕು. ಕೌಂಟರಿನಲ್ಲಿ ‘ಕೋರ್ಟ್ ಆರ್ಡರ್ ತನ್ನಿ’ ಎಂದು ಹೇಳಿ ಕಳುಹಿಸಿದರೆ ಈ ನಿರ್ದೇಶನವನ್ನು ಹೆಸರಿಸಿ ಲಿಖಿತ ಉತ್ತರ ಕೇಳಿ. ಗಂಡ ಎಲ್ಲೆಲ್ಲಿ ಖಾತೆ ಇಟ್ಟಿದ್ದರೆಂದೇ ಹೆಂಡತಿಗೆ ಗೊತ್ತಿಲ್ಲದ ಮನೆಗಳಿಗೆ ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣವಿದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಗಳನ್ನು ಅಲ್ಲಿ ಹುಡುಕಬಹುದು.

ನಾಮಿನಿ ಎಂದರೆ ಮಾಲೀಕ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ, ಅಣ್ಣತಮ್ಮಂದಿರ ನಡುವೆ ಬಹಳ ಕಹಿ ತಂದಿಟ್ಟದ್ದು. ನಾಮಿನಿ ಹಣವನ್ನು ವಾರಸುದಾರರ ಪರವಾಗಿ ಸ್ವೀಕರಿಸುವವರು ಮಾತ್ರ. ‘ಕಾಲನಿರ್ಣಯ’ ಕ್ಯಾಲೆಂಡರಿನ ಸ್ಥಾಪಕ ಜಯಂತ ಸಾಳಗಾಂವಕರ್ ಅವರ ಕುಟುಂಬದ ವ್ಯಾಜ್ಯದಲ್ಲಿ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಷೇರುಗಳ ವಿಷಯದಲ್ಲೂ ಇದೇ ಮಾತನ್ನು ಖಚಿತಪಡಿಸಿತು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಹಣದ ಒಡೆತನವೂ ಅವರದೇ ಎಂದು ಕಾಯ್ದೆ ಹೇಳುತ್ತದೆ. ಬ್ಯಾಂಕ್ ಖಾತೆಗೆ 2025ರ ನವೆಂಬರ್‌ನಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು.

ಜಮೀನಿಗೆ ಬಂದರೆ ಮಾತೆಲ್ಲ ಪೌತಿ ಖಾತೆಯದ್ದು, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದರದ್ದು. ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ತಿಳಿಸಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಹಿಡಿದು ನಾಡಕಚೇರಿಗೆ ಹೋದರೆ ಆಗುವ ಕೆಲಸ. ಹೀಗಿದ್ದೂ ತೀರಿಕೊಂಡ ಅಜ್ಜನ, ಮುತ್ತಜ್ಜನ ಹೆಸರಿನಲ್ಲೇ ಪಹಣಿ ಉಳಿದ ಕುಟುಂಬಗಳು ಹಳ್ಳಿಹಳ್ಳಿಯಲ್ಲಿವೆ. ಒಬ್ಬರ ಮೂವರು ಮಕ್ಕಳ ಸಹಿಯಿಂದ ಮುಗಿಯಬೇಕಿದ್ದದ್ದು ಎರಡು ತಲೆಮಾರು ಕಳೆಯುವಷ್ಟರಲ್ಲಿ ಇಪ್ಪತ್ತು ಮಂದಿಯ ಸಹಿಗೆ ಬರುತ್ತದೆ. ಒಬ್ಬರು ದುಬೈನಲ್ಲಿ, ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಮಾತು ಬಿಟ್ಟು ದೂರ. ಬೆಳೆಸಾಲ, ಬೆಳೆ ಪರಿಹಾರ ಯಾವುದಕ್ಕೂ ಹೆಸರು ಹೊಂದುವುದಿಲ್ಲ. ನನ್ನ ದೃಷ್ಟಿಯಲ್ಲಿ ನಮ್ಮ ಕುಟುಂಬಗಳ ನಿಜವಾದ ನಷ್ಟ ನ್ಯಾಯಾಲಯದ ವಿಳಂಬಕ್ಕಿಂತ ಈ ಮುಂದೂಡುವಿಕೆಯಿಂದ ಆಗುತ್ತಿದೆ. ಅದೇ ವೇಳೆ ಖಾತೆ ಒಬ್ಬರ ಹೆಸರಿಗೆ ಆದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯುವುದಿಲ್ಲ. ಖಾತೆ ಕಂದಾಯದ ಲೆಕ್ಕಕ್ಕೆ, ಒಡೆತನದ ತೀರ್ಮಾನಕ್ಕಲ್ಲ.

ಹೆಣ್ಣುಮಕ್ಕಳ ಸಹಿಯ ಬಗ್ಗೆ ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಉಯಿಲಿಲ್ಲದೆ ಹಿಂದೂ ಪುರುಷ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಂತ ಆಸ್ತಿ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮನಾಗಿ ಹೋಗುತ್ತದೆ. ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ ಪಾಲುಂಟು ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ಪಿತ್ರಾರ್ಜಿತದಲ್ಲೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು. ಕರ್ನಾಟಕ 1994ರಲ್ಲೇ ತನ್ನದೇ ತಿದ್ದುಪಡಿಯ ಮೂಲಕ ಆ ಹಕ್ಕನ್ನು ಕೊಟ್ಟಿತ್ತು, ಅವಿವಾಹಿತರಿಗಷ್ಟೇ ಎಂಬ ಮಿತಿಯೊಂದಿಗೆ. 2005ರ ಕೇಂದ್ರ ತಿದ್ದುಪಡಿ ಆ ಮಿತಿಯನ್ನು ತೆಗೆಯಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಹಕ್ಕಿದೆ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ತಿಥಿಯ ಊಟ ಮುಗಿದ ಮಧ್ಯಾಹ್ನ, ಎಲ್ಲರೂ ಸೇರಿದ್ದೇವಲ್ಲ ಎಂಬ ನೆಪದಲ್ಲಿ, ಅಕ್ಕತಂಗಿಯರ ಮುಂದೆ ಹಕ್ಕು ಬಿಡುಗಡೆ ಪತ್ರ ಚಾಚುವ ಪದ್ಧತಿ ನಿಂತಿಲ್ಲ. ಪಾಲು ಬಿಟ್ಟುಕೊಡುವುದು ಅವರ ಸ್ವಾತಂತ್ರ್ಯ. ಆದರೆ ಅದು ತಿಳಿದು, ಯೋಚಿಸಿ, ಒತ್ತಡವಿಲ್ಲದೆ ಆಗಬೇಕು. ಸ್ಥಿರಾಸ್ತಿಯ ಬಿಡುಗಡೆ ಪತ್ರ ನೋಂದಣಿಯಾದರೆ ಅದನ್ನು ಹಿಂತೆಗೆಯುವುದು ಬಹಳ ಕಷ್ಟ. ನೋಂದಣಿಯಾಗದ ಬಾಯಿಮಾತಿಗೆ, ಛಾಪಾಕಾಗದದ ಸಹಿಗೆ ಹಕ್ಕನ್ನು ಕಳೆಯುವ ಬಲವಿಲ್ಲ. ತಂಗಿಯರೇ, ಪತ್ರವನ್ನು ಮನೆಗೆ ತೆಗೆದುಕೊಂಡು ಹೋಗಿ, ಓದಿಸಿ, ಆಮೇಲೆ ಉತ್ತರ ಹೇಳಿ. ಅಣ್ಣಂದಿರೇ, ಅವರಿಗೆ ಅಷ್ಟು ಸಮಯ ಕೊಡುವುದರಿಂದ ತೀರಿಕೊಂಡವರ ಗೌರವವೇನೂ ಕಡಿಮೆಯಾಗದು.

ವಿದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಮೆರಿಕ, ಬ್ರಿಟನ್ನಿನಲ್ಲಿ ಪ್ರೊಬೇಟ್ ಆಗಿದೆ ಎಂದ ಮಾತ್ರಕ್ಕೆ ಜಯನಗರದ ಸೈಟಿನ ವಿಷಯ ಇತ್ಯರ್ಥವಾಗುವುದಿಲ್ಲ. ಅಲ್ಲಿ ರುಜುವಾತಾದ ಉಯಿಲಿನ ದೃಢೀಕೃತ ಪ್ರತಿಯ ಮೇಲೆ ಇಲ್ಲಿನ ನ್ಯಾಯಾಲಯದಿಂದ ಆಡಳಿತಪತ್ರ ಪಡೆಯಲು ಭಾರತೀಯ ಉತ್ತರಾಧಿಕಾರ ಕಾಯ್ದೆಯ 228ನೇ ಕಲಮು ಅವಕಾಶ ಕೊಡುತ್ತದೆ. ಭಾರತದ ಆಸ್ತಿಗೆ ಪ್ರತ್ಯೇಕ ಉಯಿಲು ಬರೆಯುವುದು ಇದಕ್ಕಿಂತ ಸುಲಭ. ಹಾಗೆ ಬರೆಯುವಾಗ ಒಂದು ಇನ್ನೊಂದನ್ನು ರದ್ದುಪಡಿಸುವುದಿಲ್ಲ ಎಂದು ಎರಡರಲ್ಲೂ ಸ್ಪಷ್ಟವಾಗಿ ನಮೂದಿಸಬೇಕು.

ಉಯಿಲು ಬರೆಯಲು ಛಾಪಾಕಾಗದ ಬೇಡ, ನಿಮ್ಮದೇ ಕೈಬರಹದ ಕನ್ನಡ ಸಾಕು. ನಿಮಗಿಂತ ಕಿರಿಯರಾದ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ಸಾಕ್ಷಿಗಳಿರಲಿ. ನಿರ್ವಾಹಕರೊಬ್ಬರನ್ನು, ಅವರಿಲ್ಲದಿದ್ದರೆ ಇನ್ನೊಬ್ಬರನ್ನು ಹೆಸರಿಸಿ. ಯಾರಿಗಾದರೂ ಕಡಿಮೆ ಕೊಡುತ್ತಿದ್ದರೆ ಕಾರಣವನ್ನು ಒಂದು ಸಾಲಿನಲ್ಲಾದರೂ ಬರೆಯಿರಿ. ಕಾರಣವಿಲ್ಲದೆ ಮಗಳನ್ನೋ ಮಡದಿಯನ್ನೋ ಕೈಬಿಟ್ಟ ಉಯಿಲನ್ನು ನ್ಯಾಯಾಲಯಗಳು ಅನುಮಾನದಿಂದಲೇ ನೋಡುತ್ತವೆ. ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡುವ ವ್ಯವಸ್ಥೆಯೂ ಉಂಟು. ಎಲ್ಲಿಟ್ಟಿದ್ದೀರಿ ಎಂಬುದನ್ನು ಮಾತ್ರ ಒಬ್ಬರಿಗಾದರೂ ತಿಳಿಸಿ.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನೆ ಕೂರಬೇಕಾಗಿಲ್ಲ. ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿಯ ಸಂಖ್ಯೆ 15100.